ಗ್ಯಾಲರಿಯಲ್ಲಿ ಕೂತ ಹಿತ್ತಾಳೆ ಕೊಡ

ನಾನು ಒಂದು ಹಿತ್ತಾಳೆಯ ಕೊಡ. ನರಗಟ್ಟಿಯ ಕಂಚುಗಾರ ಮಾನಪ್ಪನ ಸುತ್ತಿಗೆಯ ಕೆಳಗೆ ಹುಟ್ಟಿದವನು. ಮೊದಲು ಬರೀ ತಗಡಾಗಿದ್ದೆ. ಮಾನಪ್ಪ ನನ್ನನ್ನು ಕಾಯಿಸಿದ, ಬಡಿದ, ಮತ್ತೆ ಕಾಯಿಸಿದ, ಮತ್ತೆ ಬಡಿದ. ಹೊಟ್ಟೆ ಬೇರೆ, ಕೊರಳು ಬೇರೆ ಮಾಡಿ ಆಮೇಲೆ ಎರಡನ್ನೂ ಬೆಸೆದ. ಕೊನೆಗೆ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳಿ, ‘ದನಿ ಛಲೋ ಬಂತು’ ಅಂದ.

ಒಂದು ಮದುವೆಯ ಹೊತ್ತಿಗೆ ನನ್ನನ್ನು ಕೊಂಡರು. ಮಗಳಿಗೆ ಕೊಡುವ ಕೊಡ ಎಂದು ಅಪ್ಪ ಹೇಳಿದಾಗ ಮಾನಪ್ಪ ಚಿಕ್ಕ ಉಳಿ ತೆಗೆದುಕೊಂಡು ನನ್ನ ಕೊರಳಿನ ಸುತ್ತ ಚುಕ್ಕಿ ಚುಕ್ಕಿಯಾಗಿ ‘ಬನಶಂಕರಿ’ ಎಂದು ಕೊರೆದ. ಎಲ್ಲರೂ ಅವಳನ್ನು ಬನ್ನವ್ವ ಎಂದೇ ಕರೆಯುತ್ತಿದ್ದರು. ಹೀಗೆ ನಾನು ಬನ್ನವ್ವನ ಸೊಂಟದ ಮೇಲೆ ಕೂತು ನೇಕಾರ ಓಣಿಗೆ ಬಂದೆ.

ಗಂಡ ಈರಪ್ಪ ಸೀರೆ ನೇಯುತ್ತಿದ್ದ. ಬನ್ನವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಓಣಿಯ ತುದಿಯ ನಳದಿಂದ ನೀರು ತರುತ್ತಿದ್ದಳು. ನಳದ ಮುಂದೆ ಹೆಂಗಸರು ಇಡೀ ದಿನ ನಿಲ್ಲುತ್ತಿರಲಿಲ್ಲ. ಕೊಡ ಇಟ್ಟು ಮನೆಗೆ ಹೋಗುತ್ತಿದ್ದರು. ನೀರು ಬಂದಾಗ ಓಡಿ ಬರುತ್ತಿದ್ದರು. ಯಾರ ಕೊಡ ಎಲ್ಲಿತ್ತೋ ಅದೇ ಅವರ ಪಾಳಿ. ಆ ಪಾಳಿ ಮುರಿದವರನ್ನು ಓಣಿಯಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ.

ಓಣಿಯ ಹಿಂದೆಯೇ ಮುನ್ಸಿಪಲ್ ಕಾಲೇಜಿನ ಹಾಕಿ ಮೈದಾನ. ಅದರ ಪಕ್ಕ ಒಂದು ಮಣ್ಣಿನ ದಿಬ್ಬ. ಮದುವೆಯಾಗಿ ಬಂದ ವರ್ಷವೇ ಒಂದು ಸಂಜೆ ಬನ್ನವ್ವ ನನ್ನನ್ನು ಹೊತ್ತು ನಳಕ್ಕೆ ಹೊರಟಿದ್ದಳು. ದಿಬ್ಬದ ಆಚೆಯಿಂದ ಏನೋ ದೊಡ್ಡ ಸದ್ದು. ಏನೆಂದು ನೋಡಲು ಹತ್ತಿದಳು. ಕೆಳಗೆ ಹುಡುಗರು ಬಾಗಿದ ಕೋಲು ಹಿಡಿದು ಒಂದು ಬಿಳಿ ಚೆಂಡಿನ ಹಿಂದೆ ಗಾಳಿಯಂತೆ ಓಡುತ್ತಿದ್ದರು. ಒಬ್ಬ ತೆಳ್ಳನೆಯ ಹುಡುಗ ಮೂವರನ್ನು ದಾಟಿ ಚೆಂಡನ್ನು ಬಲೆಗೆ ಹೊಡೆದ. ಬನ್ನವ್ವ ತನಗೇ ಗೊತ್ತಿಲ್ಲದೆ ಬಳೆ ತೊಟ್ಟ ಕೈಯಿಂದ ನನ್ನ ಹೊಟ್ಟೆಗೆ ಒಂದು ಬಾರಿಸಿದಳು. ‘ಢಣ್’ ಎಂದೆ ನಾನು! ದಿಬ್ಬದ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಆ ದಿನ ಮನೆಗೆ ನೀರು ತಲುಪಲೇ ಇಲ್ಲ. ಅತ್ತೆ ಬೈದಳು. ಬೈಗುಳ ಕೇಳುತ್ತಲೇ ಬನ್ನವ್ವ ನಗುತ್ತಿದ್ದಳು.

ಅಂದಿನಿಂದ ಕಾಲೇಜಿನ ಪಂದ್ಯವಿದ್ದ ದಿನ ದಿಬ್ಬದ ಮೇಲೆ ಅವಳು, ಅವಳ ಮಡಿಲಲ್ಲಿ ನಾನು. ಪಕ್ಕದಲ್ಲಿ ಚಾಂದಬಿ. ಎರಡು ಮನೆ ಆಚೆ ಇರುವವಳು, ಗಂಡನದು ಟಾಂಗಾ. ನಳದ ಮುಂದೆ ಇಬ್ಬರೂ ಹಾವು ಮುಂಗುಸಿ. ಚಾಂದಬಿಯ ಅಲ್ಯುಮಿನಿಯಂನ ಜರ್ಮನ್ ಕೊಡ ನನಗಿಂತ ಮುಂದಿತ್ತೋ ಹಿಂದಿತ್ತೋ ಎಂದು ಬೆಳಿಗ್ಗೆ ಜಗಳ. ಸಂಜೆ ದಿಬ್ಬದ ಮೇಲೆ ಅದೇ ಇಬ್ಬರು ಕೈ ಕೈ ಹಿಡಿದು ‘ಹೊಡೀಲೇ ತಮ್ಮಾ, ಹೊಡೀ’ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ನಾನು ಮಧ್ಯದಲ್ಲಿ ಬಡಿಸಿಕೊಳ್ಳುತ್ತಿದ್ದೆ. ನನ್ನ ಮೈಮೇಲೆ ಒಂದೊಂದು ಗೋಲಿಗೂ ಒಂದೊಂದು ನೆಗ್ಗು ಬಿತ್ತು.

ಹೀಗೆ ವರ್ಷಗಳು ಹೋದವು. ಹುಡುಗರು ಬಂದರು, ಆಡಿದರು, ಓದು ಮುಗಿಸಿ ಹೋದರು. ಬನ್ನವ್ವನ ಮಗಳು ದೊಡ್ಡವಳಾಗಿ ಗುಳೇದಗುಡ್ಡಕ್ಕೆ ಮದುವೆಯಾಗಿ ಹೋದಳು. ಆಗ ಕಾಲೇಜಿಗೆ ಗ್ಯಾಲರಿ ಬಂತು. ಯಾರೋ ದೊಡ್ಡವರು ದಾನ ಕೊಟ್ಟರು. ದಿಬ್ಬ ಹೋಗಿ ಅಲ್ಲಿ ತಗಡಿನ ನೆರಳಿನ ಮೆಟ್ಟಿಲು ಬಂತು, ಸುತ್ತ ಗೋಡೆ ಬಂತು, ಗೇಟು ಬಂತು. ಇನ್ನು ಒಳಗೆ ಹೋಗಲು ಸೀಜನ್ ಪಾಸು ಬೇಕು. ಅರ್ಧ ಜಾಗ ದಾನಿಗಳಿಗೆ ಹೋಯಿತು. ಉಳಿದದ್ದು ಬರುವ ಭಾನುವಾರ ಕಾಲೇಜು ಆಫೀಸಿನಲ್ಲಿ ಮೊದಲು ಬಂದವರಿಗೆ, ಒಬ್ಬರಿಗೆ ಒಂದೇ.

ಭಾನುವಾರ ಬೆಳಕು ಹರಿಯುವಾಗಲೇ ಓಣಿಯ ಹೆಂಗಸರು ಆಫೀಸಿನ ಕಿಟಕಿಯ ಮುಂದೆ ಕೊಡ ಇಟ್ಟರು. ಉದ್ದಕ್ಕೆ ಪಾಳಿ. ನಾನು ಕೊನೆಯದಕ್ಕಿಂತ ಒಂದು ಮುಂದೆ, ನನ್ನ ಹಿಂದೆ ಚಾಂದಬಿಯ ಜರ್ಮನ್ ಕೊಡ. ಅವರೆಲ್ಲ ರೊಟ್ಟಿ ಬಡಿಯಲು ಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಗುಂಪು ಬಂತು. ಮುಂದಾಳು ಸಂಗಮೇಶ ಕೋಟಬಾಗಿ, ಊರಿನಲ್ಲಿ ಔಷಧಿ ಅಂಗಡಿ ಇಟ್ಟವನು.

‘ಇವ್ಯಾಕ ಇಲ್ಲಿ? ತಗೀರಿ ಅತ್ಲಾಗ’ ಎಂದ. ಅವರು ನಮ್ಮನ್ನು ಒಂದೊಂದಾಗಿ ಎತ್ತಿ ಗೋಡೆಯ ಬುಡಕ್ಕೆ ಗುಡ್ಡೆ ಹಾಕಿ ನಮ್ಮ ಜಾಗದಲ್ಲಿ ನಿಂತರು. ನಾನು ಬಿದ್ದ ಸದ್ದು ಓಣಿಯವರೆಗೂ ಕೇಳಿಸಿತು. ಹಿಟ್ಟಿನ ಕೈಯಲ್ಲೇ ಹೆಂಗಸರು ಓಡಿ ಬಂದರು.

‘ಯಾರು ತಗದ್ರಿ ನಮ್ಮ ಕೊಡಾ?’ ಎಂದಳು ಬನ್ನವ್ವ.

‘ಪಾಸು ಮಂದೀಗೆ ಕೊಡ್ತಾರ ಅವ್ವಾ, ಕೊಡಕ್ಕಲ್ಲ’ ಎಂದ ಸಂಗಮೇಶ. ಅವನ ಗೆಳೆಯರು ನಕ್ಕರು.

‘ಹೌದೇನಪಾ? ನಿಮ್ಮ ಓಣಿ ನಳದ ಮುಂದ ನಿಮ್ಮವ್ವನ ಕೊಡಾ ಪಾಳಿ ಹಿಡದು ನಿಂತಿರತೈತಿ. ಮುಂಜಾನೆ ಅದನ್ನ ತಗದು ಅತ್ಲಾಗ ಒಗದು ಬರಲೇನು? ನೀ ಏನ ಕುಡೀತಿ ನೋಡೂಣು.’

ಈಗ ನಕ್ಕದ್ದು ಹೆಂಗಸರು. ಅಷ್ಟರಲ್ಲಿ ಕಿಟಕಿ ತೆರೆಯಿತು. ಕ್ರೀಡಾ ಸಮಿತಿ ನೋಡಿಕೊಳ್ಳುತ್ತಿದ್ದ ಇಟಗಿ ಸರ್ ಗದ್ದಲವನ್ನೆಲ್ಲ ಕೇಳಿದರು. ಅವರೂ ಆ ಊರಿನವರೇ. ಅವರ ಮನೆಗೂ ನೀರು ಪಾಳಿಯಲ್ಲೇ ಬರುತ್ತಿತ್ತು.

‘ಕೊಡ ಎಲ್ಲಿದ್ವೋ ಅಲ್ಲೇ ಇಡ್ರಿ. ಪಾಳಿ ಬಂದಾಗ ಆ ಕೊಡ ಇಟ್ಟವರು ಎದುರಿಗಿರಬೇಕು, ಅಷ್ಟ’ ಎಂದರು.

ನಮ್ಮನ್ನು ಮತ್ತೆ ಸಾಲಿಗೆ ತಂದರು. ಹಳೆಯ ವಿದ್ಯಾರ್ಥಿಗಳು ಹಿಂದೆ ಹೋದರು; ಇಟಗಿ ಸರ್ ಅವರಿಗಾಗಿ ದಾನಿಗಳ ಪಾಲಿನಿಂದ ಒಂದಷ್ಟು ಬಿಡಿಸಿಕೊಟ್ಟರೆಂದು ಆಮೇಲೆ ಕೇಳಿದೆ. ಒಂದೊಂದೇ ಕೊಡ ಮುಂದೆ ಸರಿಯಿತು. ನನ್ನ ಪಾಳಿ ಬಂತು. ಬನ್ನವ್ವನ ಕೈಗೆ ಹಸಿರು ಪಾಸು ಬಂತು. ‘ಬನಶಂಕರಿ ಈರಪ್ಪ ಹೊಸೂರ’ ಎಂದು ಅದರ ಮೇಲೆ ಬರೆದಿತ್ತು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

‘ಪಾಸು ಇದ ಕಡೀದು’ ಎಂದರು ಇಟಗಿ ಸರ್.

ಹಿಂದೆ ಚಾಂದಬಿ ನಿಂತಿದ್ದಳು. ಯಾರಾದರೂ ಎರಡು ಪಂದ್ಯ ತಪ್ಪಿಸಿದರೆ ಆ ಸೀಟು ಅವಳಿಗೆ, ಕಾಯುವವರಲ್ಲಿ ಅವಳೇ ಮೊದಲು ಎಂದು ಸರ್ ಹೇಳಿದರು. ಅವಳು ತನ್ನ ಜರ್ಮನ್ ಕೊಡ ಎತ್ತಿಕೊಂಡಳು.

‘ನಳದಾಗೂ ನೀನ ಮುಂದ, ಇಲ್ಲೂ ನೀನ ಮುಂದ’ ಎಂದು ಬನ್ನವ್ವನಿಗೆ ಹೇಳಿ ತಿರುಗಿ ನೋಡದೆ ಹೋದಳು. ಬನ್ನವ್ವನಿಗೆ ಪಾಸಿನ ಖುಷಿ ಮನೆ ಮುಟ್ಟುವವರೆಗೂ ಉಳಿಯಲಿಲ್ಲ.

ಆ ವರ್ಷ ನಮ್ಮ ಹುಡುಗರು ಹುಚ್ಚು ಹಿಡಿದವರಂತೆ ಆಡಿದರು. ಗೆದ್ದ ಮೇಲೆ ಗೆದ್ದರು. ಬನ್ನವ್ವ ಗ್ಯಾಲರಿಯಲ್ಲಿ, ನಾನು ಅವಳ ಮಡಿಲಲ್ಲಿ. ಚಾಂದಬಿ ಗೋಡೆಯ ಆಚೆ, ಗಂಡನ ಟಾಂಗಾದ ಮೇಲೆ ಹತ್ತಿ ನಿಂತು. ಅಲ್ಲಿಂದ ಅವಳಿಗೆ ಒಂದು ಕಡೆಯ ಗೋಲು ಮಾತ್ರ ಕಾಣುತ್ತಿತ್ತು. ಆದರೂ ಅವಳ ದನಿ ನನ್ನ ದನಿಗಿಂತ ಜೋರು.

ಸೆಮಿಫೈನಲ್ ಇನ್ನೇನು ಬಂತು ಎನ್ನುವಾಗ ಗುಳೇದಗುಡ್ಡದಿಂದ ಸುದ್ದಿ ಬಂತು: ಮಗಳಿಗೆ ನೋವು ಶುರುವಾಗಿದೆ, ಕೂಡಲೇ ಬಾ. ಬನ್ನವ್ವ ಗಂಟು ಕಟ್ಟಿದಳು. ಚಾಂದಬಿಯ ಬಾಗಿಲಿಗೆ ಹೋಗಿ ನನ್ನನ್ನು ಕೆಳಗಿಟ್ಟಳು.

‘ನಮ್ಮ ಮನಿಯವರಿಗೆ ದಿನಾ ಒಂದ ಕೊಡಾ ನೀರು ತಂದ ಹಾಕು ಬೇ. ಬಾಣಂತನ ಮುಗಿಸಿಕೊಂಡ ಬರತೀನಿ.’ ಆಮೇಲೆ ಸೆರಗಿನಿಂದ ಪಾಸು ಬಿಚ್ಚಿ ನನ್ನೊಳಗೆ ಹಾಕಿದಳು. ‘ಎರಡೂ ಮ್ಯಾಚ್ ತಪ್ಪತಾವ. ಸೀಟು ನಿಂದಾತು ಬಿಡು. ಇದನ್ನ ಸರ್‌ಗೆ ಕೊಟ್ಟ ಬಿಡು.’

ಬನ್ನವ್ವನ ಬಸ್ಸು ಹೋದ ಮೇಲೆ ಚಾಂದಬಿ ಪಾಸು ತೆಗೆದು ತಿರುವಿ ಮುರುವಿ ನೋಡಿದಳು. ‘ಪಾಳಿ ತಪ್ಪಿಸಿ ಬಂದ ಸೀಟು ನನಗ್ಯಾಕ ಬೇಕು?’ ಎಂದು ಗಂಡನ ಕಡೆ ತಿರುಗಿ ಕೇಳಿದಳು. ಅವನು ಕುದುರೆಗೆ ಹುಲ್ಲು ಹಾಕುತ್ತ ‘ನನ್ನ ಕೇಳಬ್ಯಾಡ’ ಎಂದ.

ಸೆಮಿಫೈನಲ್ ದಿನ ಅವಳು ನನ್ನನ್ನು ಹುಣಸೆಹಣ್ಣು ಹಚ್ಚಿ ಬೆಳಗಿದಳು. ನನ್ನನ್ನು ಹೊತ್ತು ಪಾಸು ಹಿಡಿದು ಗೇಟಿಗೆ ಹೋದಳು. ಗೇಟಿನ ದುರಗಪ್ಪ ಪಾಸು ಓದಿದ.

‘ಇದು ಬನಶಂಕರಿ ಅಂತ ಐತಿ. ನೀನು ಚಾಂದಬಿ. ಬಿಡಾಕ ಬರಂಗಿಲ್ಲ.’

‘ನನ್ನ ಯಾರು ಬಿಡು ಅಂದ್ರು? ಇದನ್ನ ಬಿಡು. ಪಾಳಿಯಂಗ ಅಕಿ ಸೀಟೂ ಅಕಿ ಕೊಡಾನ ಹಿಡೀತೈತಿ.’ ಅವಳು ನನ್ನ ಕೊರಳನ್ನು ಅವನ ಮೂಗಿನ ಹತ್ತಿರ ಹಿಡಿದಳು. ‘ಓದು. ಏನೈತಿ?’

ದುರಗಪ್ಪ ಚುಕ್ಕಿಗಳ ಮೇಲೆ ಬೆರಳಾಡಿಸಿ ಓದಿದ. ‘ಬನ...ಶಂಕರಿ.’

‘ಪಾಸಿನ್ಯಾಗೂ ಬನಶಂಕರಿ, ಇದರಾಗೂ ಬನಶಂಕರಿ. ಇನ್ನೇನು ಬೇಕು ನಿನಗ?’

ಹಿಂದೆ ನಿಂತವರೆಲ್ಲ ಹೋ ಎಂದು ನಕ್ಕರು. ‘ಬಿಡೋ ದುರಗಪ್ಪಾ, ಟೈಮ್ ಆತು!’ ಎಂದರು. ದುರಗಪ್ಪ ತಲೆ ಕೆರೆದುಕೊಂಡ. ಕೊನೆಗೆ ನನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬನ್ನವ್ವನ ಸೀಟಿನಲ್ಲಿ ಕೂರಿಸಿದ. ಚಾಂದಬಿ ಟಾಂಗಾದ ಮೇಲೆ ಹತ್ತಿದಳು.

ನನ್ನ ಬದುಕಿನಲ್ಲಿ ಹಿಂದೆಂದೂ ನಾನು ಯಾರ ಮಡಿಲೂ ಇಲ್ಲದೆ ಕೂತಿರಲಿಲ್ಲ. ಇಡೀ ಮೈದಾನ ನನ್ನ ಮುಂದೆ! ಎರಡೂ ಗೋಲು ಕಾಣುತ್ತಿದ್ದವು. ಚೆಂಡು ಎಡಕ್ಕೆ ಹೋದರೆ ನನ್ನ ಹೊಟ್ಟೆಯೊಳಗಿನ ಗಾಳಿಯೂ ಎಡಕ್ಕೆ ಹೋದಂತೆ. ನಮ್ಮವರು ಗೆದ್ದರು. ಆದರೆ ನನ್ನನ್ನು ಬಾರಿಸುವವರು ಇರಲಿಲ್ಲ. ಗೋಲಾದಾಗ ನಾನು ಮಾತ್ರ ಮೂಕನಾಗಿದ್ದೆ.

ಫೈನಲ್ಲಿಗೆ ಮತ್ತೆ ಹಾಗೆಯೇ ಬಂದೆ. ಎದುರಾಳಿ ಧಾರವಾಡದ ಕಡೆಯ ತಂಡ, ಗಟ್ಟಿಮುಟ್ಟಾದ ಹುಡುಗರು. ಮೊದಲಿಗೇ ಒಂದು ಗೋಲು ಹೊಡೆದರು. ಗ್ಯಾಲರಿ ತಣ್ಣಗಾಯಿತು. ನನ್ನ ಪಕ್ಕದ ಸೀಟಿನಲ್ಲಿದ್ದವನು ಸಂಗಮೇಶ ಕೋಟಬಾಗಿ. ಅವನು ಉಗುರು ಕಚ್ಚುತ್ತಿದ್ದ. ಗೋಡೆಯ ಆಚೆಯಿಂದ ಚಾಂದಬಿಯ ಕೂಗು: ‘ಏ ಕೋಟಬಾಗಿ! ಸುಮ್ನ ಕುಂತಿ ಏನು? ಪಕ್ಕದಾಗ ಕೊಡ ಐತಲ್ಲೋ, ಬಾರಿಸು!’

ಸಂಗಮೇಶ ನನ್ನನ್ನು ನೋಡಿದ. ಎತ್ತಿ ಮಡಿಲಲ್ಲಿಟ್ಟುಕೊಂಡ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಉಂಗುರದ ಕೈಯಲ್ಲಿ. ಢಣ್ ಢಣ್ ಢಣ್! ಹಿಂದಿನ ಸಾಲು ಎದ್ದಿತು, ಮುಂದಿನ ಸಾಲು ಎದ್ದಿತು. ನಮ್ಮ ತಂಡದ ಫಕೀರೇಶ ಚೆಂಡು ಹಿಡಿದು ಗೆರೆಯ ಪಕ್ಕದಲ್ಲೇ ಓಡಿ ಒಳಗೆ ಕೊಟ್ಟ, ಗೋಲು, ಒಂದಕ್ಕೊಂದು ಸಮ! ಇನ್ನು ಕೊನೆಯ ಗಳಿಗೆ. ನಮಗೆ ಪೆನಾಲ್ಟಿ ಕಾರ್ನರ್. ಚೆಂಡು ಬಂತು, ನಿಂತಿತು, ಫಕೀರೇಶನ ಸ್ಟಿಕ್ ಬೀಸಿತು. ಗೋಲ್ ಕೀಪರನ ಕಾಲಿಗೆ ಬಡಿದು ಪುಟಿದ ಚೆಂಡನ್ನು ಅವನೇ ನೆಲಕ್ಕೆ ಬಿದ್ದುಕೊಂಡು ಒಳಗೆ ದೂಡಿದ. ಸಂಗಮೇಶ ತನ್ನೆಲ್ಲ ಬಲದಿಂದ ಬಾರಿಸಿದ. ನಾನು ಕೂಗಿದೆ. ಆ ಕೂಗಿನಲ್ಲೇ ನನ್ನ ಹೊಟ್ಟೆ ಮತ್ತು ಕೊರಳು ಕೂಡುವ ಬೆಸುಗೆ ಬಿಟ್ಟಿತು. ನೋವೇ ಗೊತ್ತಾಗಲಿಲ್ಲ. ಊರೆಲ್ಲ ಕುಣಿಯುತ್ತಿತ್ತು.

ಮೊಮ್ಮಗಳ ಹೆಸರಿಟ್ಟು ಬನ್ನವ್ವ ಮರಳಿ ಬಂದಾಗ ಚಾಂದಬಿ ನನ್ನನ್ನು ಸೆರಗಿನಲ್ಲಿ ಮುಚ್ಚಿ ತಂದಳು. ಬನ್ನವ್ವ ಬಿರುಕು ನೋಡಿದಳು.

‘ಏನ ಮಾಡೀಯ ಬೇ ಇದನ್ನ! ನನ್ನ ತವರಿನ ಕೊಡಾ...’ ಎಂದು ಶುರುಮಾಡಿದವಳು ಮಧ್ಯದಲ್ಲೇ ನಿಲ್ಲಿಸಿದಳು. ಕಟ್ಟೆಯ ಮೇಲೆ ಕೂತಳು. ‘ಇರಲಿ. ಮೊದಲು ಗೋಲು ಹೆಂಗಾತು ಹೇಳು.’

ಚಾಂದಬಿ ಸೀರೆ ಸೊಂಟಕ್ಕೆ ಸಿಕ್ಕಿಸಿ ಒಲೆಯ ಊದುಗೊಳವೆಯನ್ನು ಸ್ಟಿಕ್ ಮಾಡಿಕೊಂಡು ಓಣಿಯ ನಡುವೆ ಓಡಿ ತೋರಿಸಿದಳು. ಫಕೀರೇಶ ಬಿದ್ದದ್ದನ್ನು ತೋರಿಸಲು ತಾನೇ ಬಿದ್ದಳು. ಈರಪ್ಪ ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದ. ಬನ್ನವ್ವ ನಗುತ್ತ ಅಳುತ್ತ ‘ಇನ್ನೊಮ್ಮೆ, ಇನ್ನೊಮ್ಮೆ’ ಎಂದಳು.

ಆಮೇಲೆ ಸಮಿತಿ ಕೂತಿತು. ಬನ್ನವ್ವ ಎರಡು ಪಂದ್ಯ ತಪ್ಪಿಸಿದ್ದಾಳೆ, ಸೀಟು ಹೋಗಬೇಕು ಎಂದರು ಕೆಲವರು. ಇಟಗಿ ಸರ್ ಕೇಳಿದರು: ‘ನಾವು ಈ ನಿಯಮ ಯಾಕ ಮಾಡಿದ್ವಿ? ಸೀಟು ಖಾಲಿ ಬೀಳಬಾರದು ಅಂತ. ಆ ಸೀಟು ಖಾಲಿ ಇತ್ತೇನು?’

ಸಂಗಮೇಶ ಎದ್ದು ನಿಂತು ಬ್ಯಾಂಡೇಜು ಸುತ್ತಿದ ಅಂಗೈ ತೋರಿಸಿದ. ‘ಖಾಲಿ ಇರಲಿಲ್ರಿ ಸರ್. ಇಡೀ ಗ್ಯಾಲರಿಯೊಳಗ ಅದರಷ್ಟು ಯಾರೂ ಒದರಿಲ್ಲ.’

ಸೀಟು ಉಳಿಯಿತು. ಇನ್ನು ಮುಂದೆ ಕೊಡಗಳಿಗೆ ಪ್ರವೇಶವಿಲ್ಲ, ಆದರೆ ಬರಲಾಗದವರು ತಮ್ಮ ಬದಲಿಗೆ ಒಬ್ಬರ ಹೆಸರು ಪಾಸಿನಲ್ಲಿ ಬರೆಸಬಹುದು ಎಂದು ತೀರ್ಮಾನವಾಯಿತು. ಬನ್ನವ್ವ ಯಾರ ಹೆಸರು ಬರೆಸುತ್ತಾಳೆ ಎಂದು ಕೇಳಿದಾಗ, ‘ಚಾಂದಬೀದು ಬರೀರಿ ಸರ್. ಅಕಿ ಬಾಯಿ ದೊಡ್ಡದು. ಅಂಥಾದ್ದ ಬೇಕು’ ಎಂದಳು. ಮರುದಿನ ನಳದ ಮುಂದೆ ಇಬ್ಬರೂ ಮತ್ತೆ ಜಗಳವಾಡಿದರಂತೆ. ನಾನು ಅಲ್ಲಿರಲಿಲ್ಲ. ನೀರು ಹಿಡಿಯಲು ನನಗೆ ಇನ್ನು ಸಾಧ್ಯವಿರಲಿಲ್ಲ.

ಈಗ ನಾನು ಬನ್ನವ್ವನ ಮಂಚದ ಪಕ್ಕದ ಮೂಲೆಯಲ್ಲಿದ್ದೇನೆ. ನನ್ನೊಳಗೆ ಒಣ ಮೆಣಸಿನಕಾಯಿ ತುಂಬಿದ್ದಾರೆ. ಮನೆಮನೆಗೂ ನಳ ಬಂದಿದೆ. ಪಾಸು ಫೋನಿನಲ್ಲೇ ಬರುತ್ತದಂತೆ. ಬನ್ನವ್ವನಿಗೆ ಮಂಡಿ ಮಡಚುವುದಿಲ್ಲ, ಗ್ಯಾಲರಿಯ ಮೆಟ್ಟಿಲು ಹತ್ತಲಾಗುವುದಿಲ್ಲ. ಪಂದ್ಯಕ್ಕೆ ಹೋಗುವವಳು ಚಾಂದಬಿ. ಅವಳೂ ಕೋಲೂರಿಕೊಂಡೇ ಹೋಗುತ್ತಾಳೆ.

ಮೊನ್ನೆ ಸಂಜೆ ಅವಳು ಮೆಲ್ಲಗೆ ಬಂದು ಮಂಚದ ಅಂಚಿಗೆ ಕೂತಳು.

‘ಏನಾತು?’ ಎಂದಳು ಬನ್ನವ್ವ.

‘ಡ್ರಾ ಆತು ಬನ್ನಕ್ಕಾ.’

‘ಡ್ರಾ ಆಗಿದ್ರ ನೀ ಹಿಂಗ ಮೆಲ್ಲಕ ಬರತಿದ್ದಿಲ್ಲ. ಎಷ್ಟರಿಂದ ಸೋತ್ರು?’

ಚಾಂದಬಿ ತಲೆ ತಗ್ಗಿಸಿದಳು. ‘ಐದು. ಕೇಳಬ್ಯಾಡ ಬಿಡು. ಹೇಳೂವಂಥಾದ್ದೇನಿಲ್ಲ.’

‘ಯಾಕಿಲ್ಲ?’ ಬನ್ನವ್ವ ದಿಂಬಿಗೆ ಒರಗಿ ನೆಟ್ಟಗೆ ಕೂತಳು. ‘ಗೆದ್ದಾಗ ಊರ ಮಂದಿಯೆಲ್ಲಾ ಬಂದು ಹೇಳತಾರ. ಸೋತಾಗ ನೀ ಒಬ್ಬಾಕಿನ ಇರತಿ. ನಮ್ಮ ಹುಡುಗ್ರು ಎಲ್ಲಿ ತಪ್ಪಿದ್ರು, ಹೆಂಗ ಓಡಿದ್ರು, ಕಡೀಗೆ ಯಾರರ ಅತ್ತರೇನು, ಎಲ್ಲಾ ಹೇಳು. ಒಂದೂ ಬಿಡಬ್ಯಾಡ.’

ಚಾಂದಬಿ ಕಣ್ಣೊರೆಸಿಕೊಂಡಳು. ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದು ನಿಂತು, ಮೊದಲ ಸೀಟಿಯಿಂದ ಶುರುಮಾಡಿದಳು. ನನ್ನ ಬಿರುಕು ಬಿಟ್ಟ ಕೊರಳು ನೆಟ್ಟಗಿಲ್ಲ, ಆದರೂ ನಾನು ಅವಳ ಕಡೆಗೇ ತಿರುಗಿದ್ದೆ. ಒಂದಕ್ಕೆ ನಿಷ್ಠೆ ಇಟ್ಟವರು ಹೀಗಿರುತ್ತಾರೆ ಎಂದು ಇಷ್ಟು ವಯಸ್ಸಾದ ಮೇಲೆ ತಿಳಿಯಿತು. ಮೂರನೆಯ ಗೋಲಿನ ಹೊತ್ತಿಗೆ ಬನ್ನವ್ವ ಕೈ ಎತ್ತಿ ತಡೆದಳು.

‘ತಡಿ ತಡಿ. ಆ ಪೆನಾಲ್ಟಿ ಕಾರ್ನರ್‌ಗೆ ಮೊದಲು ಓಡಿ ಬಂದಾವ ಯಾರು? ಹೊಸ ಹುಡುಗನ? ಹೆಸರೇನು ಅವಂದು?’