ಮೇಡಂ ಹೇಳಿದ ಕಾರಣ

ವಿಶಾಖಾ ರಾಯಚೂರಿನ ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ಅದರಲ್ಲೂ ಮನೋವಿಶ್ಲೇಷಣೆಯೆಂದರೆ ಅವಳಿಗೆ ಪ್ರಾಣ. ಮಾನ್ವಿಯ ಸೂಫಿಯಾ ಮೊದಲ ಸಲ ಬಂದಾಗ ಅವಳ ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಗಂಡ ಮುಕರ್ರಂ ಹೊಡೆದಿದ್ದ. ದೂರು ಬೇಡ, ಅವರಿಗೊಂದಿಷ್ಟು ತಿಳಿಹೇಳಿದರೆ ಸಾಕು ಎಂದಳು.

ಮುಕರ್ರಂ ಮಾನ್ವಿಯ ಬಜಾರಿನಲ್ಲಿ ಚಪ್ಪಲಿ ಅಂಗಡಿ ಇಟ್ಟವನು. ಕರೆದರೆ ಬರಲಾರನೆಂದು ವಿಶಾಖಾ ಎಣಿಸಿದ್ದಳು, ಬಂದ. ಮೂರನೆಯ ಭೇಟಿಯಲ್ಲಿ, ತಾನು ಆರು ವರ್ಷದವನಿದ್ದಾಗ ಅಪ್ಪ ಅಮ್ಮಿಯನ್ನು ಹೊಡೆಯುವುದನ್ನು ಜೋಳದ ಚೀಲಗಳ ಹಿಂದೆ ಅಡಗಿ ನೋಡುತ್ತಿದ್ದೆ ಎಂದು ಹೇಳಿ ಬಿಕ್ಕಿದ. ಸೂಫಿಯಾ ಮಾತು ಬಿಟ್ಟು ಕೂತರೆ ಈಗಲೂ ಎದೆಯಲ್ಲಿ ಅದೇ ಹೆದರಿಕೆ ಏಳುತ್ತದೆ ಎಂದ. ವಿಶಾಖಾಗೆ ಒಳಗೊಳಗೇ ಸಂತೋಷವಾಯಿತು. ಓದಿದ ಪಾಠ ಕಣ್ಣೆದುರು ಕೂತಿತ್ತು. ಹೆದರಿದ ಮಗು ಹೆದರಿಸಿದವನಂತೆಯೇ ಆಗಿ ಭಯದಿಂದ ತಪ್ಪಿಸಿಕೊಳ್ಳುತ್ತದೆ, ದೊಡ್ಡವನಾದ ಮೇಲೂ ಅದು ಒಳಗೇ ಉಳಿದಿರುತ್ತದೆ ಎಂದು ಅವನಿಗೆ ಬಿಡಿಸಿ ಹೇಳಿದಳು. ಅವನು ಹಗುರಾದವನಂತೆ ಎದ್ದುಹೋದ.

ಹನ್ನೆರಡು ದಿನ ಕಳೆದು ಸೂಫಿಯಾ ಮತ್ತೆ ಬಂದಳು. ಕೆಳತುಟಿ ಒಡೆದಿತ್ತು.

“ಹೊಡದ ಮ್ಯಾಲ ಅವ್ರ ನೀರು ತಂದುಕೊಟ್ರು, ಅಕ್ಕಾ. ‘ಹೊಡದಾಂವ ನಾ ಅಲ್ಲ, ನನ್ನೊಳಗಿನ ಸಣ್ಣ ಹುಡುಗ. ಮೇಡಂನೂ ಹಂಗ ಹೇಳ್ಯಾರ’ ಅಂದ್ರು. ಖರೇನ ಹಂಗಂದ್ರೇನ್ರಿ ನೀವು?”

ಇಲ್ಲ ಎನ್ನಲು ಹೋಗಿ ವಿಶಾಖಾ ತಡವರಿಸಿದಳು. ಹೆಚ್ಚುಕಡಿಮೆ ಹಾಗೆಯೇ ಅಂದಿದ್ದಳು. ಕಾರಣ ತಿಳಿದರೆ ಕೈ ತಾನಾಗಿ ನಿಲ್ಲುತ್ತದೆ ಎಂದುಕೊಂಡಿದ್ದೆ ಎಂದು ವಿವರಿಸಿದಳು. ಸೂಫಿಯಾ ಪೂರ್ತಿ ಕೇಳಿಸಿಕೊಂಡು, ಗಂಡನ ಅಣ್ಣನ ಮಾತೆತ್ತಿದಳು.

“ಮುಜಾಹಿದ್ ಭಾಯಿನೂ ಅದ ಮನ್ಯಾಗ ಬೆಳದಾರ. ಇವ್ರಿಗಿಂತ ಹೆಚ್ಚು ನೋಡ್ಯಾರ. ಒಂದು ದಿನಾನೂ ಭಾಬಿ ಮ್ಯಾಲ ಕೈ ಎತ್ತಿಲ್ಲ. ಅವ್ರೊಳಗಿನ ಹುಡುಗ ಎಲ್ಲಿ ಹೋದ?”



ಆ ಭಾನುವಾರ ಅವಳು ದೇವದುರ್ಗದ ತಾಯಿಮನೆಗೆ ಹೋದಳು. ತೀರಿಹೋದ ಅಪ್ಪ ಅಯ್ಯಪ್ಪನೂ ಅವ್ವನನ್ನು ಹೊಡೆಯುತ್ತಿದ್ದ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ. ಅವ್ವ ಗೋಪಮ್ಮ ಪುಂಡಿಪಲ್ಯದ ಎಲೆ ಬಿಡಿಸುತ್ತ ಕೂತಿದ್ದಳು. ಅಪ್ಪ ಯಾಕೆ ಹಾಗೆ ಮಾಡುತ್ತಿದ್ದ ಎಂದು ವಿಶಾಖಾ ಕೇಳಿಯೇಬಿಟ್ಟಳು.

“ಗೌಡ್ರ ಹೊಲದಾಗ ದಿನಾ ಬೈಸ್ಕೊಂಡು ಬರ್ತಿದ್ದ. ಅಲ್ಲಿ ಕೈ ಮುಗಿತಿದ್ದ, ಇಲ್ಲಿ ಎತ್ತತಿದ್ದ. ಎಲ್ಲಿ ಎತ್ತಬೇಕು ಅಂಬೋದು ನಿಮ್ಮಪ್ಪಗ ಚಲೋ ಗೊತ್ತಿತ್ತು,” ಎಂದಳು ಗೋಪಮ್ಮ. ಬಿಡಿಸಿದ ಎಲೆಗಳನ್ನು ಬುಟ್ಟಿಗೆ ಹಾಕಿ, “ಆಮ್ಯಾಲ ಅಳತಿದ್ದ. ಅದೂ ಸುಳ್ಳಲ್ಲ ಬಿಡು,” ಎಂದಳು.

ರಾಯಚೂರಿಗೆ ಮರಳುವ ಬಸ್ಸಿನಲ್ಲಿ ವಿಶಾಖಾಳ ತಲೆ ಕಲಸಿಹೋಯಿತು. ಗೊತ್ತಿದ್ದೂ ಹೊಡೆದವನು ಅಪ್ಪನೇ, ಅತ್ತವನೂ ಅಪ್ಪನೇ. ಮುಕರ್ರಂ ಯಾವ ಗಿರಾಕಿಯ ಮೇಲೂ ಕೈ ಮಾಡಿದವನಲ್ಲ. ಆದರೆ ಜೋಳದ ಚೀಲದ ಹಿಂದಿನ ಹುಡುಗನೂ ನಿಜ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಇಷ್ಟು ವರ್ಷ ತಾನು ಓದಿದ್ದು ಇಂಥವರನ್ನು ಅರಿಯುವುದಕ್ಕೋ, ಅಪ್ಪನನ್ನು ಕ್ಷಮಿಸುವುದಕ್ಕೋ ಎಂಬುದೂ ತಿಳಿಯದಾಯಿತು.

ಮರುದಿನ ಸೂಫಿಯಾಗೆ ಫೋನ್ ಮಾಡಿ, ತಾನು ಕೊಟ್ಟ ಕಾರಣ ಅವನಿಗೆ ನೆಪವಾಯಿತು, ತಪ್ಪು ತನ್ನದೂ ಇದೆ ಎಂದು ಒಪ್ಪಿಕೊಂಡಳು. ದೂರು ಕೊಡುವುದೆಂದು ಆಗಲೇ ಗಟ್ಟಿಮಾಡಿದ್ದೇನೆ, ಜೊತೆಗೆ ಬಂದರೆ ಸಾಕು ಎಂದಳು ಸೂಫಿಯಾ. ಇಬ್ಬರೂ ಮಾನ್ವಿ ಠಾಣೆಗೆ ಹೋದರು. ಕೇಸು ದಾಖಲಾಯಿತು. ಮುಕರ್ರಂನ ಮುಂದೆ ಇನ್ನು ಕೂರಲಾರೆ ಎನಿಸಿ, ವಿಶಾಖಾ ಅವನನ್ನು ಬೇರೊಬ್ಬ ಸಮಾಲೋಚಕರ ಬಳಿಗೆ ಕಳಿಸಿದಳು.

ಸೂಫಿಯಾ ಮಗಳು ಅರೀಬಾಳನ್ನು ಕರೆದುಕೊಂಡು ಕಲ್ಲೂರಿನ ತವರಿಗೆ ಹೊರಟಳು. ಬಸ್ಸು ಕಾಯುತ್ತ ನಿಂತಾಗ ಮೆಲ್ಲಗೆ ಕೇಳಿದಳು:

“ಈಗೂ ಅವ್ರ ಮಾರಿ ನೆನಪಾದ್ರ ಅಯ್ಯೋ ಅನ್ಸತದ. ಇದಕ್ಕೇನಾರ ಹೆಸರದ ಏನ್ರಿ, ಅಕ್ಕಾ?”

ವಿಶಾಖಾಗೆ ತಾನು ಓದಿದ ಪುಸ್ತಕಗಳಲ್ಲಿನ ಮೂರು ಹೆಸರು ನೆನಪಾದವು. ಮೂರೂ ಸರಿಯೆನಿಸಲಿಲ್ಲ. ಗೊತ್ತಿಲ್ಲವೆಂದು ತಲೆಯಾಡಿಸಿ, ಅರೀಬಾಳ ಚೀಲ ಎತ್ತಿ ಬಸ್ಸಿನೊಳಗೆ ಇಟ್ಟಳು.