ಕಾಯಿ ಇಳಿದ ಮೇಲೆ

ಕಂದಿಕೆರೆ ಹತ್ತಿರದ ನಮ್ಮ ಮನೆಯನ್ನು ಹಿರಿಯರು ಮನುಷ್ಯರಿಗಾಗಿ ಕಟ್ಟಲಿಲ್ಲ, ತೆಂಗಿನಕಾಯಿಗಾಗಿ ಕಟ್ಟಿದರು ಎಂದು ನಾನು ಬಹಳ ಕಾಲ ನಂಬಿದ್ದೆ. ದಪ್ಪ ಕಲ್ಲಿನ ಗೋಡೆ, ಬಗ್ಗಿ ನುಗ್ಗಬೇಕಾದ ಬಾಗಿಲು, ಅಡುಗೆಮನೆಗೆ ಒಂದೂ ಕಿಟಕಿಯಿಲ್ಲ. ಒಲೆಯ ಹೊಗೆ ಮೇಲಿನ ಅಟ್ಟದ ಸಂದುಗಳಲ್ಲಿ ನುಸುಳಿ, ಅಲ್ಲಿ ವರ್ಷವಿಡೀ ಒಣಗುವ ಕಾಯಿಗಳನ್ನು ಕೊಬ್ಬರಿ ಮಾಡಬೇಕು. ಕಾಯಿಗೆ ಬೇಡವಾಗಿ ಉಳಿದ ಹೊಗೆ ನನ್ನ ಹೆಂಡತಿ ಅಂಕಮ್ಮನಿಗೆ.

ಎಪ್ಪತ್ತೇಳರ ಮಳೆಗಾಲದಿಂದ ಅವಳಿಗೆ ಕೆಮ್ಮು. ತಿಪಟೂರಿನ ಡಾಕ್ಟರು ಔಷಧಿ ಬರೆದುಕೊಟ್ಟು, ಹೊಗೆಯಲ್ಲಿ ಕೂರಿಸಿದರೆ ಇದು ಕೆಲಸ ಮಾಡುವುದಿಲ್ಲ ಎಂದಿದ್ದರು. ಹುಳಿಯಾರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು, ಕಿಟಕಿ ಇಟ್ಟರೂ ಬಿಸಿ ಗಾಳಿ ಅಟ್ಟಕ್ಕೆ ಏರಿಯೇ ಏರುತ್ತದೆ ಎಂದು ಅಣ್ಣ ಕೆಂಚಪ್ಪನಿಗೆ ಚಿತ್ರ ಬರೆದು ತೋರಿಸಿದೆ. ಅವನು ಚಿತ್ರವನ್ನು ಪೂರ್ತಿ ನೋಡಿದ.

"ಸರಿಯಾಗೈತೆ. ಈ ಸಲದ ಕಾಯಿ ಇಳೀಲಿ ಕಣ್ಲಾ, ಆಮೇಲೆ ನೋಡಾನ."

ಕಾಯಿ ಇಳಿಯಿತು. ಅದು ಇಳಿಯುವ ಮೊದಲೇ ಅಟ್ಟದ ಇನ್ನೊಂದು ಮೂಲೆಗೆ ಹೊಸ ಕಾಯಿ ಏರಿತ್ತು. ಮತ್ತೆ ಕೇಳಿದರೆ ಮತ್ತೆ ಅದೇ ಮಾತು. ಜೊತೆಗೆ, "ತಾತ ಕಟ್ಟಿಸಿದ ಗೋಡೆ. ಕಿಟಕಿ ಬೇಕಿದ್ರೆ ಆಗ್ಲೇ ಇಡಿಸ್ತಿರ್ಲಿಲ್ವಾ?"

ಈ ತಾತನ ವಿಷಯ ನನಗೆ ಸಾಕಾಗಿತ್ತು. ಒಂದು ಭಾನುವಾರ ಹಿತ್ತಲಿಗೆ ಹೋಗಿ ಗೋಡೆಯನ್ನು ಬುಡದಿಂದ ಪರೀಕ್ಷಿಸುತ್ತಾ ಬಂದೆ. ಎಲ್ಲೆಡೆ ದೊಡ್ಡ ಕಲ್ಲುಗಳು, ಸಂದುಗಳಿಗೆ ಚೆಕ್ಕೆ ಕೂರಿಸಿದ ಅಚ್ಚುಕಟ್ಟಾದ ಕೆಲಸ. ಒಲೆಯ ಹಿಂದೆ ಮಾತ್ರ ನೆಟ್ಟಗೆ ನಿಲ್ಲಿಸಿದ ಎರಡು ಕಲ್ಲು, ಅವುಗಳ ಮೇಲೆ ಒಂದು ಚಪ್ಪಡಿ, ನಡುವೆ ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿದ ಹಾಗೆ ಸಣ್ಣ ಕಲ್ಲುಗಳು. ಸುಮ್ಮನೆ ಯಾರೂ ಹೀಗೆ ಕಟ್ಟುವುದಿಲ್ಲ. ಅಣ್ಣನನ್ನು ಕರೆದು ತೋರಿಸಿದೆ.

"ಕಲ್ಲು ಕಣ್ಲಾ ಅದು," ಎಂದ.

ನಮ್ಮವ್ವ ಸಿದ್ದಮ್ಮ ಅಲ್ಲೇ ಕೂತು ಪೊರಕೆಗೆ ಗರಿ ಸೀಳುತ್ತಿದ್ದಳು. ತಲೆಯೆತ್ತದೆ, "ಕಿಟಕಿ," ಎಂದಳು. "ನಾನು ಮದ್ವೆಯಾಗಿ ಬಂದಾಗ ಇತ್ತು. ಆಗ ಮನೇಲಿ ಬರೀ ರಾಗಿ. ತೋಟ ಫಸಲಿಗೆ ಬಂದು ಅಟ್ಟ ಹಾಕಿಸಿದ್ಮೇಲೆ ನಿಮ್ಮ ತಾತ ಮುಚ್ಚಿಸಿದ್ರು."

"ಎರಡು ವರ್ಷದಿಂದ ಬಡ್ಕೊತಿದೀನಿ. ಒಂದು ಮಾತು ಹೇಳಬಾರದಾ, ಅವ್ವ?"

"ನೀನು ಬಿಸಿಗಾಳಿ, ತಣ್ಣಗಾಳಿ ಅಂತಿದ್ದೆ. ಕಿಟಕಿ ಇತ್ತಾ ಅಂತ ಯಾವಾಗ ಕೇಳ್ದೆ?"

ಒಳಗೆ ಅಂಕಮ್ಮ ಕೆಮ್ಮಿದಳು. ಅಣ್ಣ ಅಟ್ಟದ ಕಡೆ ನೋಡಿದ. "ಸರಿ ಬುಡು, ಮೊದ್ಲಿಂದ ಇದ್ದದ್ದಾದ್ರೆ ತೆಗ್ಯಾನ. ಈ ಸಲದ ಕಾಯಿ ಇಳೀಲಿ."

ಅವ್ವನ ಕೈ ನಿಂತಿತು. "ನಿಮ್ಮ ತಾತನೂ ಹಿಂಗೇ ಅಂದಿದ್ರು. ಕಾಯಿ ಇಳಿದ ಮ್ಯಾಲೆ ತೆಗಿಸ್ತೀನಿ ಕಣವ್ವ ಅಂತ." ಎದ್ದು ಹೋಗಿ ಕೊಟ್ಟಿಗೆಯಿಂದ ಹಾರೆ ತಂದು ಅಣ್ಣನ ಕಾಲ ಬಳಿ ಹಾಕಿದಳು. "ಆ ಮಾತು ನಂಬ್ಕೊಂಡೇ ಮುದುಕಿಯಾದೆ. ತೆಗಿ."

ಅಣ್ಣ ತೆಗೆದ, ಕೊಬ್ಬರಿ ಹಾಳಾದರೆ ಯಾರು ಹೊಣೆ ಎಂದು ಒಂದೊಂದು ಕಲ್ಲಿಗೂ ಕೇಳುತ್ತಾ. ಕೊನೆಯ ಕಲ್ಲು ಕಿತ್ತು ಬಂದಾಗ ಹೊಗೆಯೆಲ್ಲ ನೇರ ಅವನ ಮುಖಕ್ಕೆ ನುಗ್ಗಿತು. ಅಣ್ಣ ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ.

ಒಳಗಿಂದ ಅಂಕಮ್ಮ, "ನೀರು ಕೊಡ್ಲಾ ಭಾವ?" ಎಂದಳು.