ಮಧ್ಯಾಹ್ನಕ್ಕೇ ಮುಗಿದ ದಿನ

ಅಮೆರಿಕದ ಉತ್ತರ ದಕ್ಷಿಣಗಳ ಯುದ್ಧ ಬಂದಾಗ ನಮ್ಮ ದಕ್ಷಿಣದ ದ್ವೀಪ ಬಿಟ್ಟು ಓಡಿದ ಒಡೆಯ ಹ್ಯಾಡರ್ಲಿಯ ಪಾಳು ಹೊಲದಲ್ಲಿ, ಅವನ ಗುಲಾಮಗಿರಿಯಿಂದ ಬಿಡುಗಡೆಯಾದ ನನಗೂ ನನ್ನ ಹೆಂಡತಿ ಬೈನಾಳಿಗೂ ಹತ್ತು ಎಕರೆ ಸಿಕ್ಕಿತ್ತು. ಷರತ್ತು ಒಂದೇ, ಸಾಗುವಳಿ ಮಾಡಬೇಕು. ಇಲ್ಲವಾದರೆ ಭೂಮಿ ಮತ್ತೆ ಒಡೆಯನಿಗೆ. ಅವನೋ ಸರ್ಕಾರದ ಕ್ಷಮಾಪತ್ರ ಹಿಡಿದುಕೊಂಡು ಪಟ್ಟಣದಲ್ಲಿ ಹೊಂಚು ಹಾಕಿ ಕೂತಿದ್ದ.

ಸಾಗುವಳಿಯ ತನಿಖೆಗೆ ಬಂದ ಥೇಯರ್ ಸಾಹೇಬ ಯುದ್ಧ ಗೆದ್ದ ಉತ್ತರದ ಸಿಪಾಯಿ. ಕೆಟ್ಟವನಲ್ಲ, ಆದರೆ ಬಂದದ್ದು ನಡುಮಧ್ಯಾಹ್ನ. ನಾನು ಓಕ್ ಮರದಡಿ ಕಾಲು ಚಾಚಿ ಮಲಗಿದ್ದೆ, ಬೈನಾ ಸೀಗಡಿ ಹುರಿಯುತ್ತಿದ್ದಳು. ಹತ್ತಿ ಇನ್ನೂ ಬೆರಳುದ್ದ, ದೂರಕ್ಕೆ ಬರೀ ಮಣ್ಣು. ಸಾಹೇಬ ಕುದುರೆಯ ಮೇಲಿಂದಲೇ ‘ಭೂಮಿ ಪಾಳು, ಜನ ಸೋಮಾರಿಗಳು’ ಎಂದು ಬರೆದು ಓದಿ ಹೇಳಿದ. ನಾನು ದಡಕ್ಕನೆ ಎದ್ದು ನಿಂತೆ.

ತಪ್ಪು ನಮ್ಮದೂ ಇತ್ತು. ನಮ್ಮಲ್ಲಿ ಒಡೆಯನ ಕಾಲದಿಂದಲೂ ದಿನಕ್ಕೆ ತಲೆಗೆ ಕಾಲು ಎಕರೆ ಕೆಲಸದ ಪಾಲು. ಅದನ್ನು ಗುದ್ದಲಿಯಲ್ಲಿ ಕೆತ್ತಿದರೆ ದಿನ ಮುಗಿಯಿತು, ನಸುಕಿನಲ್ಲೇ ಹೊಲಕ್ಕಿಳಿದ ನಮ್ಮದು ಆವತ್ತು ಮಧ್ಯಾಹ್ನಕ್ಕೇ ಮುಗಿದಿತ್ತು. ಇದು ಲೋಕಕ್ಕೆಲ್ಲ ಗೊತ್ತು ಎಂದುಕೊಂಡಿದ್ದೆವು. ಸಾಹೇಬನ ಊರಲ್ಲಿ ಕತ್ತಲಾಗುವ ತನಕ ಬಗ್ಗಿದರಷ್ಟೇ ದುಡಿಮೆಯಂತೆ.

ಬೈನಾ ಗುದ್ದಲಿ ತಂದು ಅವನ ಮುಂದೆ ಹಿಡಿದಳು.

“ಒಂದೇ ಒಂದು ಪಾಲು ಕೆತ್ತಿ ತೋರ್ಸಿ ಸಾಹೇಬ್ರೇ. ಮುಗಿಸ್ಬಿಟ್ರೆ ನಾವೇ ಗಂಟು ಕಟ್ತೀವಿ.”

ನಾನು ಅವಳ ತೋಳು ಜಗ್ಗಿದೆ. ಇವಳ ಬಾಯಿಂದಲೇ ಭೂಮಿ ಹೋಯಿತು ಎಂದು ಹೆದರಿದ್ದೆ. ಸಾಹೇಬನಿಗೂ ಹಟ, ಕೋಟು ಬಿಚ್ಚಿದ. ಹೊತ್ತು ಮುಳುಗುವಾಗ ಅಂಗೈ ತುಂಬ ಬೊಬ್ಬೆ, ಪಾಲು ಅರ್ಧವೂ ಆಗಿರಲಿಲ್ಲ. ಆಮೇಲೆ ನಮ್ಮ ಸಾಲುಗಳ ನಡುವೆ ನಡೆದ, ಬಗ್ಗಿ ಹತ್ತಿಯ ಸಸಿ ಮುಟ್ಟಿ ನೋಡಿದ. ಬರೆದದ್ದನ್ನು ಹೊಡೆದುಹಾಕಿ ‘ಸಾಗುವಳಿಯಲ್ಲಿದೆ, ಇವರದೇ’ ಎಂದು ಬರೆದು ರುಜು ಹಾಕಿದ. ಹೋದ ಜೀವ ಬಂದಂತಾಯಿತು. ನಾನು ಅತ್ತೇಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ಕುದುರೆ ಹತ್ತುತ್ತ ಸಾಹೇಬ, ಈಗ ನಿಮಗೆ ಪಾಲು ಅಳೆದು ಕೊಡುವವರು ಯಾರು ಎಂದು ಕೇಳಿದ.

“ನಾನೇ ಅಳೆಯೋದು,” ಎಂದಳು ಬೈನಾ. “ಒಡೆಯನ ಕಾಲ್ದಲ್ಲಿ ಚಾಟಿ ಹಿಡ್ಕೊಂಡು ನಿಲ್ತಿದ್ನಲ್ಲ, ಅವ್ನು ಅಳೀತಿದ್ದಕ್ಕಿಂತ ಒಂದು ಸಾಲು ಜಾಸ್ತೀನೇ ಹಾಕ್ತೀನಿ. ನಮ್ದಲ್ವಾ.”

ಆ ಹೆಚ್ಚಿನ ಸಾಲನ್ನು ದಿನವೂ ಕೆತ್ತುತ್ತಿದ್ದವನು ನಾನು. ಅದು ಹೆಚ್ಚಿನದೆಂದು ನನಗೆ ತಿಳಿದದ್ದೂ ಆಗಲೇ.